ಮಿಸ್ ಆದ ಶಾಟನ್ನ ಯಾರೂ ಬರೆಯಲ್ಲ

ಬ್ಯಾಸ್ಕೆಟ್‌ಬಾಲ್ ಅಫಿಶಿಯಲ್ ಸ್ಕೋರ್‌ಶೀಟ್ ನೋಡಿದೋರಿಗೆ ಗೊತ್ತಿರುತ್ತೆ, ಅದ್ರಲ್ಲಿ ಪಾಯಿಂಟ್ ಇದೆ, ಫೌಲ್ ಇದೆ, ಟೈಮ್‌ಔಟ್ ಇದೆ, ಅಷ್ಟೇ. ಮಿಸ್ ಆದ ಶಾಟ್ ಇಲ್ಲ, ರಿಬೌಂಡ್ (ಮಿಸ್ ಆಗಿ ಪುಟಿದ ಬಾಲ್ ಹಿಡಿಯೋದು) ಇಲ್ಲ, ಅಸಿಸ್ಟ್ (ಬಾಸ್ಕೆಟ್ ಆಗೋ ಪಾಸ್ ಕೊಡೋದು) ಇಲ್ಲ, ಟರ್ನೋವರ್, ಅಂದ್ರೆ ಬಾಲ್ ಕಳ್ಕೊಂಡಿದ್ದಕ್ಕೂ ಲೆಕ್ಕ ಇಲ್ಲ. ಆದ್ರೆ ಮ್ಯಾಚ್ ಮುಗಿದ ಮೇಲೆ ಯಾರು ಚೆನ್ನಾಗಿ ಆಡಿದ್ರು ಅಂತ ಮಾತು ಬಂದಾಗ ಎಲ್ರ ಕೈಲಿರೋದು ಅದೊಂದೇ ಹಾಳೆ. ಟೂ ಪಾಯಿಂಟರ್ 22 ಹೊಡೆದು 9 ಹಾಕಿದೋಳು 18 ಪಾಯಿಂಟಿನ ಸ್ಟಾರ್, 6 ಹೊಡೆದು 4 ಹಾಕಿದೋಳು 8 ಪಾಯಿಂಟ್ ಅಂತ ಕೆಳಗೆ ಹೋಗ್ತಾಳೆ. ಮೊದಲನೆಯವಳು ಹಾಕಿದ್ದು 41 ಪರ್ಸೆಂಟ್, ಎರಡನೆಯವಳು 67. ಆ 13 ಮಿಸ್‌ಗಳಿಂದ ಟೀಮ್ ಎಷ್ಟು ಕಳ್ಕೊಂಡ್ತು ಅನ್ನೋದು ಯಾವ ಹಾಳೆಲೂ ಇರಲ್ಲ.

ನಾನು ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಲ್ಲಿ ಸ್ಟಾಟಿಸ್ಟಿಕ್ಸ್ ಗೆಸ್ಟ್ ಲೆಕ್ಚರರ್. ನಮ್ಮ ಪಿಡಿ (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಬಂದು "ಮೇಡಂ, ನಮ್ಮ ಹುಡ್ಗೀರ ಟೀಮಿಗೆ ಸ್ವಲ್ಪ ಲೆಕ್ಕ ಇಟ್ಕೊಡಿ" ಅಂದಾಗ ಖುಷಿಯಿಂದ ಒಪ್ಕೊಂಡೆ. ಕ್ಲಾಸಲ್ಲಿ ರೇಶಿಯೋ, ವೇಟೆಡ್ ಆವರೇಜ್ ಅಂತ ಬೋರ್ಡ್ ಮೇಲೆ ಬರೆಯೋದನ್ನೇ ಇಲ್ಲಿ ಆಡೋ ಹುಡ್ಗೀರ ಮೇಲೆ ನೋಡಬಹುದಲ್ಲ ಅಂತ. ಮ್ಯಾನೇಜ್‌ಮೆಂಟ್‌ಗೆ ಮಾತ್ರ ನ್ಯಾಕ್ (ಕಾಲೇಜುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಫೈಲಿಗೆ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಬೇಕಿತ್ತು, ಅದು ಹೆಂಗೆ ಬಂತು ಅಂತ ಯಾರೂ ಕೇಳ್ಲಿಲ್ಲ. ಮ್ಯಾಚ್ ವಿಡಿಯೋಗೆ ಒಂದು ಟ್ರೈಪಾಡ್ ಕೇಳಿದ್ರೆ ಬಜೆಟ್ ಇಲ್ಲ. ಎಕ್ಸೆಲ್‌ನಲ್ಲಿ 6ಕ್ಕೆ 4 ಅಂತ 4-6 ಟೈಪ್ ಮಾಡಿದ್ರೆ ಅದು ತಾರೀಖು ಆಗಿ ಕೂತ್ಕೊಳ್ಳುತ್ತೆ, ಸೆಲ್‌ನ ಮೊದಲೇ ಟೆಕ್ಸ್ಟ್ ಮಾಡ್ಕೊಳ್ಳದಿದ್ರೆ ಇಡೀ ಸಂಜೆ ಹೋಯ್ತು.

ಶುರುನಲ್ಲಿ ನಾನು ಹಿಡ್ಕೊಂಡಿದ್ದು ಎಫಿಶಿಯನ್ಸಿ ಅಂತ ಎಲ್ಲಾ ಕಡೆ ಸಿಗೋ ಸುಲಭದ ಲೆಕ್ಕ. ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಲ್ಲಾ ಕೂಡಿಸೋದು, ಮಿಸ್ ಆದ ಶಾಟ್, ಮಿಸ್ ಆದ ಫ್ರೀ ಥ್ರೋ, ಟರ್ನೋವರ್ ಕಳೆಯೋದು. ಬೆಂಚಲ್ಲಿ ಕೂತೇ ಮಾಡಬಹುದು. ಆದ್ರೆ ಅದರೊಳಗೊಂದು ತೊಂದರೆ ಇದೆ. ಟೂ ಪಾಯಿಂಟರ್ 3 ಹೊಡೆದು 1 ಹಾಕಿದ್ರೆ 2 ಪಾಯಿಂಟ್ ಬಂತು, 2 ಮಿಸ್ ಹೋಯ್ತು, ಸೊನ್ನೆ. ಅಂದ್ರೆ ಮೂರಕ್ಕೆ ಒಂದಕ್ಕಿಂತ ಚೂರು ಜಾಸ್ತಿ ಹಾಕೋಳು ಎಷ್ಟು ಹೊಡೆದ್ರೂ ಅವಳ ನಂಬರ್ ಏರ್ತಾನೇ ಇರುತ್ತೆ. ತ್ರೀ ಪಾಯಿಂಟರ್‌ಗಂತೂ ನಾಲ್ಕಕ್ಕೆ ಒಂದಕ್ಕಿಂತ ಚೂರು ಜಾಸ್ತಿ ಹಾಕಿದ್ರೆ ಸಾಕು. ಟೀಮಿಗೆ ಆ ಶಾಟ್‌ಗಳು ನಷ್ಟನೇ, ಹೊಡೆದವಳ ನಂಬರ್ ಮಾತ್ರ ಬೆಳೀತಾ ಹೋಗುತ್ತೆ. ಇದು ನಂಗೆ ಗೊತ್ತಿತ್ತು, ಅದಕ್ಕೆ ಪಕ್ಕದಲ್ಲಿ ಶೂಟಿಂಗ್ ಪರ್ಸೆಂಟೂ ಬರೀತಿದ್ದೆ. ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ.

ಸೆಮಿಫೈನಲ್. ಆಗಸ್ಟ್ ಮಳೆ, ಸಿಮೆಂಟ್ ಕೋರ್ಟ್, ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿದ್ರೂ ಒಂದು ಮೂಲೆ ಜಾರ್ತಾನೇ ಇತ್ತು. ಕೊನೇ ಕ್ವಾರ್ಟರ್, ನಾವು 4 ಪಾಯಿಂಟ್ ಮುಂದೆ. ಸರ್ ಟೈಮ್‌ಔಟ್ ತಗೊಂಡ್ರು. ಇರೋದೇ ಒಂದು ನಿಮಿಷ, ಹುಡ್ಗೀರು ಏದುಸಿರು ಬಿಡ್ತಾ ನಿಂತಿದಾರೆ, ಸರ್ ನನ್ ಕಡೆ ತಿರುಗಿ "ಮೇಡಂ, ಎಂತ ಹೇಳ್ತದೆ ನಿಮ್ ಶೀಟು, ಯಾರನ್ನ ತೆಗೀಲಿ?" ಅಂದ್ರು. ಶೀಟಲ್ಲಿ ತಳದಲ್ಲಿದ್ದಿದ್ದು 11ನೇ ನಂಬರ್. ಶಾಟ್ ಹೊಡೆಯಲ್ಲ, ರಿಬೌಂಡ್ ಹೆಚ್ಚಿಲ್ಲ, ಅಸಿಸ್ಟ್ ಇಲ್ಲ. 7ನೇ ನಂಬರ್ ಎಲ್ಲರಿಗಿಂತ ಮೇಲೆ, ರಿಬೌಂಡೇ ರಾಶಿ. ನಾನು "11 ಸರ್" ಅಂದೆ, ಒಂದು ಕ್ಷಣನೂ ಯೋಚಿಸ್ಲಿಲ್ಲ. ಹೊಸನಗರ ಕಡೆಯ ಹುಡುಗಿ, ಒಂದು ಮಾತಾಡ್ಲಿಲ್ಲ, ಟವೆಲ್ ತಗೊಂಡು ಕೂತ್ಳು.

ಆಮೇಲೆ ಎದುರು ಟೀಮ್ ಹೊಡೆದಿದ್ದು ಮಿಸ್ ಆಯ್ತು, ನಮ್ಮ ಬೆಂಚಲ್ಲಿ ಚಪ್ಪಾಳೆ, ಆದ್ರೆ ಬಾಲ್ ಅವರ ಎತ್ತರದ ಹುಡುಗಿ ಕೈಗೆ. ಶಾಟ್ ಕ್ಲಾಕ್, ಅಂದ್ರೆ ಶಾಟ್ ಹೊಡೆಯಕ್ಕೆ ಇರೋ ಟೈಮು, ಮತ್ತೆ 14 ಸೆಕೆಂಡಿಗೆ. ಮತ್ತೆ ಹೊಡೆದ್ರು, ಮಿಸ್, ಮತ್ತೆ ಅವಳೇ ಹಿಡಿದು ಹಾಕಿದ್ಳು. ಮುಂದಿನ ಸಲಾನೂ ಹಂಗೇ. ನಮ್ಮ 7ನೇ ನಂಬರ್ ಅಷ್ಟು ಹೊತ್ತು ಆರಾಮಾಗಿ ಹಿಡೀತಿದ್ದ ಜಾಗದಲ್ಲೇ ನಿಂತಿದಾಳೆ, ಬಾಲ್ ಮಾತ್ರ ಸಿಗ್ತಿಲ್ಲ. ನಾನು ಪೆನ್ಸಿಲ್ ಹಿಡ್ಕೊಂಡು ಅವರ ಆಫೆನ್ಸಿವ್ ರಿಬೌಂಡ್ (ತಾವು ಮಿಸ್ ಮಾಡಿದ್ದನ್ನ ತಾವೇ ಹಿಡಿಯೋದು) ಕಾಲಮ್ಮಲ್ಲಿ ಗೀಟು ಹಾಕ್ತಾ ಹೋದೆ, ಯಾಕೆ ಅಂತ ಅರ್ಥ ಆಗ್ಲಿಲ್ಲ. ಸರ್ 11ನ್ನ ವಾಪಸ್ ಇಳಿಸೋ ಹೊತ್ತಿಗೆ ಲೀಡ್ ಹೋಗಿತ್ತು. ಒಂದು ಬಾಸ್ಕೆಟ್ಟಲ್ಲಿ ಸೋತ್ವಿ.

ರಾತ್ರಿ ಮೊಬೈಲ್ ವಿಡಿಯೋ ಹಾಕಿ ಬಾಲ್ ಬಿಟ್ಟು ಬರೀ 11ನೇ ನಂಬರನ್ನೇ ನೋಡಿದೆ. ಪ್ರತಿ ಶಾಟ್ ಎದ್ದಾಗ್ಲೂ ಅವಳು ರಿಂಗ್ ನೋಡ್ತಾನೇ ಇಲ್ಲ, ತಿರುಗಿ ಆ ಎತ್ತರದ ಹುಡುಗಿಗೆ ಬೆನ್ನು ಕೊಟ್ಟು ಬಾಕ್ಸ್ ಔಟ್ ಮಾಡಿ ತಳ್ಕೊಂಡು ಹಿಡಿದಿದಾಳೆ. ಹಂಗೆ ಖಾಲಿಯಾದ ಜಾಗದಲ್ಲಿ 7ನೇ ನಂಬರ್ ಬಾಲ್ ಎತ್ಕೊಂಡಿದಾಳೆ. ಕೆಲಸ 11ರದ್ದು, ಗೀಟು 7ರ ಹೆಸರಿಗೆ. ನಾನು ಇಬ್ಬರು ಪ್ಲೇಯರ್‌ನ ಹೋಲಿಸ್ತಿದೀನಿ ಅನ್ಕೊಂಡಿದ್ದೆ, ನಿಜಕ್ಕೂ 11 ಮಾಡಿದ ಕೆಲಸಾನ 7ರ ಲೆಕ್ಕಕ್ಕೆ ಬರೆದು ಅದನ್ನೇ 11ರ ವಿರುದ್ಧ ಸಾಕ್ಷಿ ಮಾಡಿದ್ದೆ. ಇದು ನಂಗೆ ಈಗ್ಲೂ ಚುಚ್ಚುತ್ತೆ.

ಬರೀ ಒಟ್ಟು ನಂಬರ್ ನೋಡಿದ್ರೆ ಸಾಲಲ್ಲ ಅನ್ನೋ ಯೋಚನೆ ಅಮೆರಿಕಾದ ಕಾಲೇಜ್ ಬ್ಯಾಸ್ಕೆಟ್‌ಬಾಲಲ್ಲಿ ಹಳೇದು. ನಾರ್ತ್ ಕೆರೊಲಿನಾದಲ್ಲಿ ಕೋಚ್ ಆಗಿದ್ದ, ಗಣಿತ ಓದಿದ್ದ ಡೀನ್ ಸ್ಮಿತ್ 1950ರ ದಶಕದ ಕೊನೇಲೇ ಮ್ಯಾಚಿಗೆ ಎಷ್ಟು ಪಾಯಿಂಟ್ ಅನ್ನೋದು ಬಿಟ್ಟು ಒಂದು ಪೊಸೆಷನ್‌ಗೆ (ಬಾಲ್ ಒಂದು ಟೀಮಿನ ಕೈಗೆ ಬಂದು ಎದುರು ಟೀಮಿಗೆ ಹೋಗೋ ತನಕ) ಎಷ್ಟು ಪಾಯಿಂಟ್ ಅಂತ ಲೆಕ್ಕ ಹಾಕ್ತಿದ್ರು. ಬ್ಯಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಡೀನ್ ಆಲಿವರ್ ಆಮೇಲೆ ಗೆಲುವನ್ನ ನಾಲ್ಕು ಭಾಗ ಮಾಡಿದ್ರು, ಶೂಟಿಂಗ್‌ಗೆ 40 ಪರ್ಸೆಂಟ್, ಟರ್ನೋವರ್‌ಗೆ 25, ರಿಬೌಂಡಿಂಗ್‌ಗೆ 20, ಫ್ರೀ ಥ್ರೋಗೆ 15. ಆ 20ರಲ್ಲಿ ಅವರು ನೋಡೋದು ರಿಬೌಂಡ್ ಸಂಖ್ಯೆ ಅಲ್ಲ, ಸಿಗಬಹುದಾಗಿದ್ದ ರಿಬೌಂಡ್‌ಗಳಲ್ಲಿ ಟೀಮ್ ಎಷ್ಟು ಪಾಲು ಹಿಡೀತು ಅನ್ನೋದು. ಪೊಸೆಷನ್ ಲೆಕ್ಕಕ್ಕೆ ಸೂತ್ರ ಇದೆ, ಹೊಡೆದ ಶಾಟಲ್ಲಿ ಆಫೆನ್ಸಿವ್ ರಿಬೌಂಡ್ ಕಳೆದು, ಟರ್ನೋವರ್ ಸೇರಿಸಿ, ಫ್ರೀ ಥ್ರೋನ 0.44ರಿಂದ ಗುಣಿಸಿ ಕೂಡಿಸೋದು, ಅಲ್ಲಿ ಕಾಲೇಜಿಗೆ 0.475 ಹಾಕೋರೂ ಇದಾರೆ. ಅವು ಅಲ್ಲಿನ ಆಟದಿಂದ ಬಂದ ನಂಬರ್, ಶಾಟ್ ಕ್ಲಾಕೂ ಅಲ್ಲಿನ ಕಾಲೇಜ್ ಆಟದಲ್ಲಿ 30 ಸೆಕೆಂಡ್, ನಮ್ದು 24. ಹಂಗಾಗಿ ನಾನು ಸೂತ್ರ ಬಿಟ್ಟು ಪೊಸೆಷನ್‌ನ ಕೈಯಲ್ಲೇ ಎಣಿಸ್ತೀನಿ, ಬಾಲ್ ಟೀಮ್ ಬದಲಾದಾಗೆಲ್ಲ ಒಂದು ಗೀಟು.

ಈಗ ನನ್ ಶೀಟಲ್ಲಿ ಮೊದಲ ಕಾಲಮ್ಮೇ ಕೋರ್ಟಲ್ಲಿರೋ ಐದು ಜನ ಯಾರು ಅಂತ. ಸಬ್‌ಸ್ಟಿಟ್ಯೂಶನ್ ಆದಾಗೆಲ್ಲ ಹೊಸ ಸಾಲು. ಒಬ್ಬಳು ಒಳಗಿದ್ದಾಗ ಎದುರಾಳಿ ಮಿಸ್ ಮಾಡಿದ್ರಲ್ಲಿ ನಮ್ಗೆ ಎಷ್ಟು ಪಾಲು ಸಿಕ್ತು, ಹೊರಗಿದ್ದಾಗ ಎಷ್ಟು, ಇದು ಆ ಸಾಲುಗಳಿಂದ ಬರುತ್ತೆ. ಒಂದು ಮ್ಯಾಚಿಂದ ಏನೂ ಹೇಳಕ್ಕಾಗಲ್ಲ ಮಾರಾಯ್ರೆ, ನಾಲ್ಕು ಬಾಲ್ ಆ ಕಡೆ ಪುಟಿದ್ರೆ ಪರ್ಸೆಂಟೇ ಉಲ್ಟಾ ಆಗುತ್ತೆ, ಒಂದು ಸೀಸನ್ ಪೂರ್ತಿ ಕೂಡಿಸ್ಬೇಕು. ಟೈಮ್‌ಔಟಲ್ಲಿ ಸರ್ ಕೇಳಿದ್ರೆ ಈಗ ಒಂದೇ ನಂಬರ್ ಹೇಳಲ್ಲ. ಪಾಯಿಂಟ್ ಬೇಕಾ, ಡಿಫೆನ್ಸ್ ಬೇಕಾ ಅಂತ ಮೊದಲು ಕೇಳ್ತೀನಿ, ಡಿಫೆನ್ಸ್ ಅಂದ್ರೆ ನಿಮ್ ಕಣ್ಣೇ ನಂಬಿ ಸರ್ ಅಂತೀನಿ.

ನಮ್ಮ ಒಂದೇ ಕಾಲೇಜಿನ ಮ್ಯಾಚ್‌ಗಳು ಸಾಲಲ್ಲ. ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಾಲೇಜುಗಳ ಪಿಡಿಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಬೆಂಚಲ್ಲಿ ಒಬ್ಬ ಹುಡುಗಿಗೆ ಪೆನ್ಸಿಲ್ ಕೊಟ್ಟು ಮೂರೇ ಮೂರು ವಿಷಯ ಬರೆಸಿ, ಮಿಸ್ ಆದ ಶಾಟ್, ಎರಡೂ ಕಡೆ ರಿಬೌಂಡ್, ಆ ಹೊತ್ತಿಗೆ ಕೋರ್ಟಲ್ಲಿದ್ದ ಐದು ನಂಬರ್. ಮಳೆಗೆ ಇಂಕ್ ಪೆನ್ ಬೇಡ. ಫೋಟೋ ತೆಗೆದು ಕಳ್ಸಿ, ಎಕ್ಸೆಲ್‌ಗೆ ಹಾಕೋ ಕೆಲಸ ನಂದು.