ಅಧ್ಯಕ್ಷರು ಒಂದು ಸಹಿ ಹಾಕಿದರೆ ಮುಗೀತಲ್ಲ?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ತೋಟಕ್ಕೆ ನುಗ್ಗುವ ಮಂಗ, ಹಂದಿ ಓಡಿಸಲು ಅಜ್ಜ ಲೈಸೆನ್ಸ್ ಮಾಡಿಸಿ ತಂದದ್ದು. ಚುನಾವಣೆ ಘೋಷಣೆಯಾಯಿತೆಂದರೆ ಚಿಕ್ಕಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ಇಟ್ಟು ರಸೀದಿ ತರುತ್ತಾರೆ. ಫಲಿತಾಂಶ ಬಂದ ಮೇಲೆ ವಾಪಸ್ ತರಬೇಕು. ಅಲ್ಲಿಯವರೆಗೆ ಹಂದಿಗಳಿಗೆ ಹಬ್ಬ.

ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಈ ದೇಶದಲ್ಲಿ ಚುನಾವಣೆ ಹೊತ್ತಿಗೆ ಜನ ಬಂದೂಕಿನ ಅಂಗಡಿ ಮುಂದೆ ಸಾಲು ನಿಲ್ಲುತ್ತಾರೆ. 2008ರಲ್ಲಿ ಒಬಾಮಾ ಗೆದ್ದಾಗ ಹಾಗೇ ಆಯಿತು. ಇನ್ನು ಮುಂದೆ ಸಿಗುವುದಿಲ್ಲವೇನೋ ಎಂಬ ಭಯ. ಇದನ್ನು ಊರಿನಲ್ಲಿ ಹೇಳಿದಾಗಲೆಲ್ಲ ಚಿಕ್ಕಪ್ಪ ಜಗಲಿಯಲ್ಲಿ ಕೂತು ಕೇಳುವುದು ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಶಾಲೆಗೆ ಹೋದ ಮಕ್ಕಳು ಸಾಯ್ತಾವಲ್ಲ ಅಲ್ಲಿ, ಆ ಅಧ್ಯಕ್ಷ ಒಂದು ಸಹಿ ಹಾಕಿದ್ರೆ ಮುಗೀತಲ್ಲ?" ಚಿಕ್ಕಪ್ಪ ಒಬ್ಬರೇ ಅಲ್ಲ. ಬೆಂಗಳೂರಿನ ಗೆಳೆಯರೂ ಕೇಳುತ್ತಾರೆ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರೂ ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಸಹಿಯಿಂದ ಆಗುವುದು ಬಹಳ ಕಡಿಮೆ. ಅಧ್ಯಕ್ಷರು ಬಂದೂಕಿನ ವಿಷಯದಲ್ಲಿ ನಿಜವಾಗಿ ಏನಾದರೂ ಬದಲಾಯಿಸುವುದು ಜಡ್ಜ್‌ಗಳನ್ನು ನೇಮಿಸುವ ಮೂಲಕ. ಅದು ಗೊತ್ತಾಗುವುದು ಎಷ್ಟೋ ಸಲ ಆ ಅಧ್ಯಕ್ಷರು ಮನೆಗೆ ಹೋದ ಮೇಲೆ.

ಕಾರಣ ಹೇಳುತ್ತೇನೆ. ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಹೇಳಿದಂತೆ ನಡೆಯಬೇಕು. ಕೊಡವರಿಗೆ, ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಕೂಡ ಆ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ ಹೊರಡಿಸಿದ ಒಂದು ಅಧಿಸೂಚನೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ನಿಜ. ಆದರೆ ಕಾಯ್ದೆಯನ್ನೇ ಬದಲಾಯಿಸುತ್ತೇವೆಂದು ಸಂಸತ್ತು ಹೊರಟರೆ ದಾರಿ ಇದೆ. ಅಮೆರಿಕದಲ್ಲಿ ಹಾಗಲ್ಲ. 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಸಂವಿಧಾನದಲ್ಲೇ ಕೂತಿದೆ. ಇಂಗ್ಲಿಷಿನಲ್ಲಿ ಬರೀ 27 ಪದ. ಮೊದಲ ಅರ್ಧ ನಾಗರಿಕ ಪಡೆಯ ಬಗ್ಗೆ ಮಾತಾಡುತ್ತದೆ, ಎರಡನೇ ಅರ್ಧ ಜನ ಆಯುಧ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ. ಹಾಗಾದರೆ ಹಕ್ಕು ಪಡೆಯದ್ದೋ, ಮನೆಯಲ್ಲಿ ಕೂತ ಮನುಷ್ಯನದ್ದೋ? ಎರಡು ಶತಮಾನ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿಲ್ಲ.

ಕೊಟ್ಟಿದ್ದು 2008ರಲ್ಲಿ. ಡಿಕ್ ಹೆಲ್ಲರ್ ಎಂಬಾತ ರಾಜಧಾನಿ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಕಟ್ಟಡ ಕಾಯುತ್ತಿದ್ದ. ಕೆಲಸದ ಹೊತ್ತಿನಲ್ಲಿ ಸೊಂಟದಲ್ಲಿ ಪಿಸ್ತೂಲು. ಮನೆಯಲ್ಲಿ ಇಟ್ಟುಕೊಳ್ಳಲು ಮಾತ್ರ ಆ ನಗರದ ಕಾನೂನು ಬಿಡುತ್ತಿರಲಿಲ್ಲ. ಕೋರ್ಟಿಗೆ ಹೋದ, ಗೆದ್ದ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ಪ್ರತಿಯೊಬ್ಬನ ಹಕ್ಕು ಎಂದು ತೀರ್ಪು ಬಂತು. 5-4ರ ತೀರ್ಪು. ಬರೆದವರು ರೇಗನ್ ನೇಮಿಸಿದ್ದ ಆಂಟನಿನ್ ಸ್ಕಾಲಿಯಾ. ಒಬ್ಬರು ಆಚೆ ವಾಲಿದ್ದರೂ ಕಥೆ ಬೇರೆಯಾಗುತ್ತಿತ್ತು.

"ನೋಡು, ಪಾರ್ಟಿ ಪ್ರಕಾರವೇ ತೀರ್ಪು" ಎನ್ನುವವರು ಸ್ವಲ್ಪ ತಡೆಯಬೇಕು. ಗೆದ್ದ ಬದಿಯ ಐವರನ್ನೂ ಬಂದೂಕಿನ ಪರ ನಿಲ್ಲುವ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರೇ ನೇಮಿಸಿದ್ದರು, ಸರಿ. ಆದರೆ ಸೋತ ನಾಲ್ವರಲ್ಲೂ ಇಬ್ಬರು ರಿಪಬ್ಲಿಕನ್ನರ ಆಯ್ಕೆಯೇ. ಜಾನ್ ಪಾಲ್ ಸ್ಟೀವನ್ಸ್ ಅವರನ್ನು ತಂದವರು ಫೋರ್ಡ್, ಡೇವಿಡ್ ಸೂಟರ್ ಅವರನ್ನು ತಂದವರು ಹಿರಿಯ ಬುಷ್. ಈ ಸ್ಟೀವನ್ಸ್ ನಿವೃತ್ತರಾದ ಮೇಲೆ, 2018ರಲ್ಲಿ, ಎರಡನೇ ತಿದ್ದುಪಡಿಯನ್ನೇ ರದ್ದು ಮಾಡಿ ಎಂದು ಪತ್ರಿಕೆಯಲ್ಲಿ ಬರೆದರು. ಇನ್ನು ಹಿರಿಯ ಬುಷ್ ಸೂಟರ್ ಅವರನ್ನು ಆರಿಸಿದಾಗ ಸ್ವತಃ ಬಂದೂಕು ಹಕ್ಕಿನ ಪರ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಸದಸ್ಯರು! ಆಗೆಲ್ಲ ಒಬ್ಬ ಜಡ್ಜ್ ಬಂದೂಕಿನ ಬಗ್ಗೆ ಏನು ಯೋಚಿಸುತ್ತಾರೆ ಎಂದು ಯಾರೂ ಅಷ್ಟಾಗಿ ಕೆದಕುತ್ತಿರಲಿಲ್ಲ. ಸೂಟರ್ ಪಾಠದಿಂದ ರಿಪಬ್ಲಿಕನ್ನರು ಕಲಿತರು. 'ಇನ್ನೊಬ್ಬ ಸೂಟರ್ ಬೇಡ' ಎಂಬುದು ಅವರಲ್ಲಿ ಘೋಷಣೆಯೇ ಆಯಿತು. 2016ರಲ್ಲಿ ಟ್ರಂಪ್ ಚುನಾವಣೆಗೆ ಮೊದಲೇ ಜಡ್ಜ್‌ಗಳ ಪಟ್ಟಿ ಬಿಡುಗಡೆ ಮಾಡಿದರು. ಮದುವೆ ಮನೆಯಲ್ಲಿ ಅಡುಗೆ ಪಟ್ಟಿ ಓದಿದಂತೆ, ನಾನು ಗೆದ್ದರೆ ಇವರಲ್ಲಿ ಒಬ್ಬರು ಅಂತ.

ಆ ವರ್ಷದ ಫೆಬ್ರವರಿಯಲ್ಲಿ ಸ್ಕಾಲಿಯಾ ತೀರಿಕೊಂಡಿದ್ದರು. ಒಬಾಮಾ ಮೆರಿಕ್ ಗಾರ್ಲಂಡ್ ಅವರ ಹೆಸರು ಕಳಿಸಿದರು. ಅಧ್ಯಕ್ಷರು ಹೆಸರು ಕಳಿಸಿದರೆ ಸಾಲದು, ಇಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಒಪ್ಪಬೇಕು. ಸೆನೆಟ್ ರಿಪಬ್ಲಿಕನ್ನರ ಕೈಯಲ್ಲಿತ್ತು. ಚುನಾವಣಾ ವರ್ಷ ಎಂಬ ನೆಪ ಹೇಳಿ ಅವರು ಗಾರ್ಲಂಡ್ ಅವರನ್ನು ವಿಚಾರಣೆಗೂ ಕರೆಯಲಿಲ್ಲ. ಆ ಕುರ್ಚಿ ಒಂದು ವರ್ಷಕ್ಕೂ ಜಾಸ್ತಿ ಖಾಲಿ ಇತ್ತು. ಕೊನೆಗೆ 2017ರ ಏಪ್ರಿಲ್‌ನಲ್ಲಿ ಟ್ರಂಪ್ ಆರಿಸಿದ ನೀಲ್ ಗೊರ್ಸಚ್ ಬಂದು ಕೂತರು. ಮರುವರ್ಷ ಬ್ರೆಟ್ ಕ್ಯಾವನಾ ಬಂದರು.

ಇನ್ನು ಮುಂದಿನದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದು ನಾನಿರುವ ರಾಜ್ಯದ ಮೂಲಕವೇ ಹಾದು ಹೋಗುತ್ತದೆ.

ನ್ಯೂಜೆರ್ಸಿಯಲ್ಲಿ ಪಿಸ್ತೂಲು ಜೇಬಿನಲ್ಲಿಟ್ಟುಕೊಂಡು ಓಡಾಡಲು ಪರವಾನಗಿ ಬೇಕೆಂದರೆ, ನನಗೆ ನಿಜವಾಗಿ ಜೀವಭಯ ಇದೆ ಎಂದು ತೋರಿಸಬೇಕಿತ್ತು. ಸುಮ್ನೆ ಬೇಕು ಅಂದರೆ ಸಿಗುತ್ತಿರಲಿಲ್ಲ. ಇದು ತಪ್ಪು ಎಂದು ಒಬ್ಬರು ಸುಪ್ರೀಂ ಕೋರ್ಟ್‌ವರೆಗೆ ಹೋದರು. 2020ರ ಜೂನ್‌ನಲ್ಲಿ ಕೋರ್ಟ್ ಆ ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಅದೇ ದಿನ ಬಂದೂಕಿನ ಒಟ್ಟು 10 ಅರ್ಜಿಗಳನ್ನು ಪಕ್ಕಕ್ಕೆ ಸರಿಸಿತು. ಸೆಪ್ಟೆಂಬರ್ 18ಕ್ಕೆ ಸುಪ್ರೀಂ ಕೋರ್ಟ್ ಜಡ್ಜ್ ರುತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು, 87 ವರ್ಷ. ಒಬಾಮಾ ಇರುವಾಗಲೇ ನಿವೃತ್ತಿ ತೆಗೆದುಕೊಳ್ಳಿ ಎಂದು ಹಲವರು ಹೇಳಿದ್ದರು, ಅವರು ಕೇಳಿರಲಿಲ್ಲ. ನಾಲ್ಕು ವರ್ಷ ಹಿಂದೆ 'ಚುನಾವಣಾ ವರ್ಷ' ಎಂದಿದ್ದ ಅದೇ ಸೆನೆಟ್, ಈಗ ಚುನಾವಣೆಗೆ ಎಂಟು ದಿನ ಇರುವಾಗ ಟ್ರಂಪ್ ಆರಿಸಿದ ಏಮಿ ಕೋನಿ ಬ್ಯಾರೆಟ್ ಎಂಬ ಮಹಿಳೆಯನ್ನು ಒಪ್ಪಿತು. ಅಕ್ಟೋಬರ್ 26, 52-48. ಸರಿಯಾಗಿ ಆರು ತಿಂಗಳಿಗೆ, 2021ರ ಏಪ್ರಿಲ್ 26ಕ್ಕೆ, ನ್ಯೂಯಾರ್ಕಿನ ಇದೇ ಬಗೆಯ ಕಾನೂನಿನ ಮೇಲಿನ ಮೊಕದ್ದಮೆಯನ್ನು ಕೋರ್ಟ್ ಕೈಗೆತ್ತಿಕೊಂಡಿತು. ಸಂವಿಧಾನದ ಆ 27 ಪದ ಹಾಗೇ ಇದ್ದವು. ಒಂಬತ್ತು ಜನರಲ್ಲಿ ಎಂಟು ಜನ ಅವರೇ ಇದ್ದರು.

2022ರ ಜೂನ್ 23ಕ್ಕೆ ತೀರ್ಪು ಬಂತು, 6-3. ಬರೆದವರು ಕ್ಲಾರೆನ್ಸ್ ಥಾಮಸ್. 'ನಿನಗೆ ಯಾಕೆ ಬೇಕು' ಎಂದು ಕೇಳುವ ನ್ಯೂಯಾರ್ಕಿನ ಕಾನೂನು ಬಿತ್ತು. ಅದರ ಜೊತೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ಹವಾಯಿಗಳದ್ದೂ ನಿಲ್ಲಲಿಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಕೋರ್ಟ್ ಹಾಕಿದ ಹೊಸ ಅಳತೆಗೋಲು. ಜನರ ಸುರಕ್ಷತೆಗೆ ಈ ಕಾನೂನು ಬೇಕೋ ಬೇಡವೋ ಎಂದು ತೂಗಬೇಡಿ, ದೇಶದ ಹಳೆಯ ಕಾಲದಲ್ಲಿ ಇಂಥದ್ದೊಂದು ಕಟ್ಟುಪಾಡು ಇತ್ತೇ ಎಂದು ಹುಡುಕಿ ಎಂದಿತು. ಅಂದಿನಿಂದ ಈ ದೇಶದ ಜಡ್ಜ್‌ಗಳು ಇನ್ನೂರು ವರ್ಷ ಹಳೆಯ ಕಾನೂನು ಪುಸ್ತಕಗಳ ಧೂಳು ಕೊಡವುತ್ತಾ ಕೂತಿದ್ದಾರೆ.

ತಮಾಷೆ ನೋಡಿ. ಅದೇ ವಾರ, ಜೂನ್ 25ಕ್ಕೆ, ಬೈಡನ್ ಒಂದು ಬಂದೂಕು ಕಾಯ್ದೆಗೆ ಸಹಿ ಹಾಕಿದರು. ಟೆಕ್ಸಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಸತ್ತ ಮೇಲೆ ಎರಡೂ ಪಕ್ಷ ಸೇರಿ ಮಾಡಿದ ಕಾಯ್ದೆ. 21 ತುಂಬದವರು ಬಂದೂಕು ಕೊಳ್ಳಲು ಬಂದರೆ ಇನ್ನಷ್ಟು ತಪಾಸಣೆ ಮಾಡಬೇಕು, ಇಂಥವು ಅದರಲ್ಲಿದ್ದವು. ಚಿಕ್ಕಪ್ಪ ಕೇಳುವ ಆ ಸಹಿ ಅದೇ. ಎರಡು ದಿನ ಮೊದಲು ಬಂದ ತೀರ್ಪಿನ ಮುಂದೆ ಅದು ಸಣ್ಣದು. ಆ ತೀರ್ಪನ್ನು ಸಾಧ್ಯ ಮಾಡಿದ ಟ್ರಂಪ್ ಆಗ ಅಧಿಕಾರದಲ್ಲೇ ಇರಲಿಲ್ಲ.

ಹಾಗಂತ ನೇಮಿಸಿದವರು ಹೇಳಿದಂತೆ ಜಡ್ಜ್‌ಗಳು ಕುಣಿಯುತ್ತಾರೆ ಅಂದುಕೊಂಡರೆ ಮೋಸ ಹೋಗುತ್ತೀರಿ. 2017ರಲ್ಲಿ ಲಾಸ್ ವೇಗಸ್‌ನಲ್ಲಿ ಒಬ್ಬ ಹೋಟೆಲ್ ಕಿಟಕಿಯಿಂದ ಸಂಗೀತ ಕಾರ್ಯಕ್ರಮದ ಜನರ ಮೇಲೆ ಗುಂಡಿನ ಮಳೆ ಸುರಿಸಿದ. ಬಂಪ್ ಸ್ಟಾಕ್ ಎಂಬ ಸಾಧನ ಜೋಡಿಸಿದರೆ ಸಾಮಾನ್ಯ ರೈಫಲ್ಲೂ ಹೆಚ್ಚುಕಡಿಮೆ ಮಷಿನ್ ಗನ್ನಿನಂತೆ ಗುಂಡು ಹಾರಿಸುತ್ತದೆ. ಅದನ್ನು ನಿಷೇಧಿಸಿದ್ದು ಟ್ರಂಪ್ ಸರ್ಕಾರವೇ. 2024ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು 6-3ರಲ್ಲಿ ತೆಗೆದುಹಾಕಿತು. ಹಳೆಯ ಕಾನೂನಿನಲ್ಲಿರುವ 'ಮಷಿನ್ ಗನ್' ಎಂಬ ಪದಕ್ಕೆ ಇದು ಹೊಂದುವುದಿಲ್ಲ ಎಂದಿತು. ಆ ಆರರಲ್ಲಿ ಟ್ರಂಪ್ ತಂದ ಮೂವರೂ ಇದ್ದರು. ಮರುವರ್ಷ ಉಲ್ಟಾ ಆಯಿತು. ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುವ, ನಂಬರ್ ಇಲ್ಲದ ಬಂದೂಕುಗಳ ಮೇಲೆ ಬೈಡನ್ ಸರ್ಕಾರ ಹಾಕಿದ್ದ ನಿಯಮ ಉಳಿಯಿತು. ಆ ತೀರ್ಪು ಬರೆದವರು ಟ್ರಂಪ್ ನೇಮಿಸಿದ ಗೊರ್ಸಚ್.

ಸುಪ್ರೀಂ ಕೋರ್ಟ್ ವಿಚಾರಣೆ ನಡೆಸಿ ತೀರ್ಪು ಕೊಡುವುದು ವರ್ಷಕ್ಕೆ ಅರವತ್ತರ ಆಸುಪಾಸು ಮೊಕದ್ದಮೆಗಳಲ್ಲಿ ಮಾತ್ರ. ಉಳಿದದ್ದೆಲ್ಲ ಕೆಳಗಿನ ಕೋರ್ಟುಗಳಲ್ಲೇ ತೀರ್ಮಾನ. ಆ ಜಡ್ಜ್‌ಗಳನ್ನೂ ನೇಮಿಸುವುದು ಅಧ್ಯಕ್ಷರೇ. ಒಬಾಮಾ ಎಂಟು ವರ್ಷದಲ್ಲಿ ಮೇಲ್ಮನವಿ ಕೋರ್ಟುಗಳಿಗೆ 55 ಜನರನ್ನು ತಂದರೆ, ಟ್ರಂಪ್ ಮೊದಲ ನಾಲ್ಕೇ ವರ್ಷದಲ್ಲಿ 54 ಜನರನ್ನು ತಂದರು. ಈ ಲೆಕ್ಕವನ್ನು ಟೀವಿಯವರು ಹೇಳುವುದು ಕಡಿಮೆ.

ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ ಇದೆ. 10 ಗುಂಡಿಗಿಂತ ಜಾಸ್ತಿ ಹಿಡಿಯುವ ಮ್ಯಾಗಝೀನ್‌ಗೆ, ಅಂದರೆ ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿಗೆ, ಅಲ್ಲಿ ನಿಷೇಧ. 2019ರಲ್ಲಿ, ಕಿರಿಯ ಬುಷ್ ನೇಮಿಸಿದ್ದ ಸ್ಯಾನ್ ಡಿಯೇಗೊದ ಜಡ್ಜ್ ಒಬ್ಬರು ಅದನ್ನು ಹೊಡೆದುಹಾಕಿದರು. ತಡೆಯಾಜ್ಞೆ ಬರಲು ಸುಮಾರು ಒಂದು ವಾರ ಹಿಡಿಯಿತು. ಆ ವಾರ ಜನ ಮುಗಿಬಿದ್ದು ಮ್ಯಾಗಝೀನ್ ತರಿಸಿಕೊಂಡರು. ಆಮೇಲೆ ಮೇಲಿನ ಕೋರ್ಟಿನ ಮೂವರ ಪೀಠ ಬಂದೂಕಿನವರ ಪರ ನಿಂತಿತು. 2021ರಲ್ಲಿ 11 ಜನರ ಪೀಠ 7-4ರಲ್ಲಿ ನಿಷೇಧವನ್ನು ಉಳಿಸಿತು. ಏಳು ಜನ ಡೆಮಾಕ್ರಟ್ ಅಧ್ಯಕ್ಷರು ನೇಮಿಸಿದವರು, ನಾಲ್ವರು ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಒಬ್ಬರೂ ಗೆರೆ ದಾಟಲಿಲ್ಲ. 2022ರ ಆ ಹೊಸ ಅಳತೆಗೋಲಿನಲ್ಲಿ ಅಳೆದಾಗಲೂ, 2025ರಲ್ಲಿ, ಮತ್ತೆ 7-4. ಆಗ ಸೋತವರಲ್ಲಿ ಒಬ್ಬ ಜಡ್ಜ್ ತಮ್ಮ ಕೊಠಡಿಯಲ್ಲೇ ಪಿಸ್ತೂಲು ಹಿಡಿದು, ಬಿಚ್ಚಿ ತೋರಿಸಿ, ವಿಡಿಯೋ ಮಾಡಿ ತಮ್ಮ ಭಿನ್ನಮತಕ್ಕೆ ಸೇರಿಸಿದರು. ನಾನು ನೋಡಿದೆ. ಕೋರ್ಟಿನದ್ದೋ ಅಂಗಡಿಯದ್ದೋ ಎಂದು ಒಂದು ಕ್ಷಣ ಗಲಿಬಿಲಿಯಾಯಿತು.

ಅದಕ್ಕೇ, ಜಡ್ಜ್‌ಗಳು ರಾಜಕೀಯದಿಂದ ಪೂರ್ತಿ ದೂರ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಪೂರ್ತಿ ಪಾರ್ಟಿಯ ಬಂಟರು ಎಂದರೂ ನಂಬುವುದಿಲ್ಲ. ಟೆಕ್ಸಸ್‌ನ ರಹಿಮಿ ಎಂಬಾತನ ಮೊಕದ್ದಮೆ ನೆನಪಿಡಿ. ಗೆಳತಿಯನ್ನು ಹೊಡೆದು ಬೆದರಿಸಿದ್ದಕ್ಕೆ ಅವನ ಮೇಲೆ ಕೋರ್ಟ್ ಆದೇಶ ಇತ್ತು. ಅಂಥವನು ಬಂದೂಕು ಇಟ್ಟುಕೊಳ್ಳಬಾರದು ಎನ್ನುವ ಕಾನೂನೂ ಇತ್ತು. ಹಳೆಯ ಕಾಲದಲ್ಲಿ ಇಂಥ ಕಾನೂನು ಇರಲಿಲ್ಲ ಎಂದು ಕೆಳಗಿನ ಕೋರ್ಟಿನ ಮೂವರು ಅದನ್ನು ರದ್ದು ಮಾಡಿದರು. ಅವರಲ್ಲಿ ಇಬ್ಬರು ಟ್ರಂಪ್ ನೇಮಕ. 2024ರಲ್ಲಿ ಸುಪ್ರೀಂ ಕೋರ್ಟ್ 8-1ರಲ್ಲಿ, ಆ ಕಾನೂನು ಇರಲಿ ಎಂದಿತು. ಬೇಡ ಎಂದವರು ಥಾಮಸ್ ಒಬ್ಬರೇ, 2022ರ ಆ ಅಳತೆಗೋಲು ಬರೆದವರು.

ಇಷ್ಟನ್ನೂ ಹೋದ ಸಲ ಜಗಲಿಯಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು, "ನಿಮ್ಮಲ್ಲಿ ಜಡ್ಜ್‌ಗಳಿಗೆ ರಿಟೈರ್‌ಮೆಂಟ್ ಎಷ್ಟಕ್ಕೆ?"

ಇಲ್ಲ ಎಂದೆ. ಭಾರತದ ಸುಪ್ರೀಂ ಕೋರ್ಟಿನಲ್ಲಿ 65ಕ್ಕೆ ಮನೆಗೆ ಕಳಿಸುತ್ತಾರೆ, ಅಮೆರಿಕದಲ್ಲಿ ಜೀವನಪೂರ್ತಿ. ಥಾಮಸ್ ಬಂದಾಗ 43 ವರ್ಷ, ಅದು 1991. ಬ್ಯಾರೆಟ್ ಬಂದಾಗ 48.

ಚಿಕ್ಕಪ್ಪ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಹಾಗಾದ್ರೆ ನಾನು ಕೇಳಬೇಕಾಗಿದ್ದು ಅಧ್ಯಕ್ಷನ್ನ ಅಲ್ಲ," ಎಂದರು. "ಆ ಅಮ್ಮನಿಗೆ ಶುಗರ್ ಇದೆಯಾ?"