ಓದಲು ಬಂದ ಮೇಲೂ ಓದಿ ಹೇಳಿದ್ದು

ಮಕ್ಕಳಿಗೆ ಅಕ್ಷರ ಕೂಡಿಸಿ ಓದಲು ಬಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಹೆತ್ತವರು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ. ‘ಇನ್ನು ನೀನೇ ಓದಿಕೋ’ ಎಂದು ಪುಸ್ತಕವನ್ನು ಕೈಗೆ ಕೊಡುವುದು ಮಗುವಿಗೆ ಬಡ್ತಿ ಕೊಟ್ಟಂತೆ ಎಂಬ ಭಾವನೆ ಅವರದು. ಉಡುಪಿಯ ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಮಗ ಸರಾಗವಾಗಿ ಓದತೊಡಗಿದ್ದರೂ, ಮಗಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದರೂ, ರಾತ್ರಿ ಊಟವಾದ ಬಳಿಕ ನಾನು ಓದುವುದೂ ಅವರು ಕೇಳುವುದೂ ನಡೆದೇ ಇತ್ತು. ಹಿಂದಿರುಗಿ ನೋಡಿದರೆ, ಅವರಿಗೆ ನನ್ನ ಓದಿನ ಅಗತ್ಯವೇ ಇಲ್ಲದಿದ್ದ ಆ ವರ್ಷಗಳೇ ನನಗೆ ಹೆಚ್ಚು ಪ್ರಿಯವಾಗಿವೆ. ಚಿಕ್ಕ ಮಕ್ಕಳು ಕಥೆಯನ್ನು ನಂಬಿ ಕೇಳುತ್ತಾರೆ. ಓದಲು ಬಲ್ಲ ಮಕ್ಕಳು ಕಥೆಯೊಡನೆ ಜಗಳಕ್ಕೆ ನಿಲ್ಲುತ್ತಾರೆ, ಓದುವವನನ್ನೂ ಬಿಡುವುದಿಲ್ಲ.

ನಾನು ಗಟ್ಟಿಯಾಗಿ ಓದಲು ಕಲಿತದ್ದು ಬೀಡಿ ಕಟ್ಟುವ ಹೆಂಗಸರ ನಡುವೆ. ಕರಾವಳಿಯ ಎಷ್ಟೋ ಮನೆಗಳಂತೆ ನಮ್ಮ ಮನೆಯ ಖರ್ಚಿನಲ್ಲಿಯೂ ಬೀಡಿಯ ದುಡ್ಡಿನ ಪಾಲು ದೊಡ್ಡದಿತ್ತು. ಮಧ್ಯಾಹ್ನದ ಹೊತ್ತು ಅಮ್ಮನೂ ನೆರೆಮನೆಯವರೂ ಜಗಲಿಯಲ್ಲಿ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ನೆನೆಸಿ ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ಹಾಕಿ, ಬೆರಳ ತುದಿಯಲ್ಲಿ ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುತ್ತಿದ್ದರು. ಸಂಜೆಯೊಳಗೆ ಬೀಡಿ ಕಂಪನಿಯ ಬ್ರಾಂಚಿಗೆ ಲೆಕ್ಕ ಒಪ್ಪಿಸಬೇಕಾಗಿದ್ದುದರಿಂದ ಕಣ್ಣಿಗೂ ಕೈಗೂ ಬಿಡುವಿರಲಿಲ್ಲ. ಬಿಡುವಿದ್ದದ್ದು ಕಿವಿಗೆ ಮಾತ್ರ. ವಾರಪತ್ರಿಕೆಯ ಧಾರಾವಾಹಿಯನ್ನು ಅವರಿಗೆ ಓದಿ ಹೇಳುವ ಕೆಲಸ, ಶಾಲೆಗೆ ಹೋಗುತ್ತಿದ್ದ ನನ್ನ ಪಾಲಿಗೆ ಬಂದಿತ್ತು. ಒಂದೇ ಉಸಿರಿನಲ್ಲಿ ಓದಿಕೊಂಡು ಹೋದರೆ, ‘ಮಾಸ್ಟ್ರಿಗೆ ಪಾಠ ಒಪ್ಪಿಸುವುದು ಬೇಡ ಮಾರಾಯ, ಅವಳು ಅಳುತ್ತಾ ಉಂಟಲ್ಲ, ಸ್ವಲ್ಪ ನಿಧಾನ ಓದು’ ಎಂಬ ಆಕ್ಷೇಪ ಜಗಲಿಯ ಮೂಲೆಯಿಂದ ಬರುತ್ತಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಸ್ವರ ತಗ್ಗಿಸಬೇಕು ಎಂಬುದನ್ನು ಯಾವ ಶಾಲೆಯೂ ನನಗೆ ಅಷ್ಟು ಖಡಾಖಂಡಿತವಾಗಿ ಹೇಳಿಕೊಡಲಿಲ್ಲ.

ನಮ್ಮ ಕಡೆಯವರಿಗೆ ಮಾತೊಂದೇ ಸಾಕು ಎಂಬುದು ಹೊಸ ಸಂಗತಿಯೇನಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಹಾಡಿಗೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಆಶುವಾಗಿ ವಾದ ಹೂಡುವ ತಾಳಮದ್ದಳೆಯನ್ನು ರಾತ್ರಿಯಿಡೀ ಕೇಳಬಲ್ಲ ಜನ ನಾವು. ಆಟಿ ತಿಂಗಳ ಮಳೆಯಲ್ಲಿ ಒಬ್ಬರು ಕಾವ್ಯದ ಪದ್ಯವನ್ನು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ಪುರಾಣವಾಚನವೂ ಇಲ್ಲಿ ಅಪರಿಚಿತವಲ್ಲ. ಈ ಬಲದ ಮೇಲೆ ನಾನು ಆರಂಭದಲ್ಲಿ ರಾಕ್ಷಸ ಬಂದಾಗಲೆಲ್ಲ ಯಕ್ಷಗಾನದ ಬಣ್ಣದ ವೇಷದ ಅಟ್ಟಹಾಸವನ್ನೇ ಮಾಡುತ್ತಿದ್ದೆ. ಎಳೆಯ ವಯಸ್ಸಿನಲ್ಲಿ ಅದಕ್ಕೆ ಕಿರುಚಿ ನಗುತ್ತಿದ್ದ ಮಗ, ಸ್ವಲ್ಪ ದೊಡ್ಡವನಾದ ಮೇಲೆ, ‘ಅಪ್ಪ, ಆಟ ಬೇಡ, ಓದಿ ಸಾಕು’ ಎಂದು ನೇರವಾಗಿಯೇ ಹೇಳಿದ. ಓದುವವನು ಪಾತ್ರಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಂತಿರಬೇಕು ಎಂಬುದೇ ಅಂದಿನಿಂದ ನನ್ನ ಅಭಿಪ್ರಾಯ.

ಮನೆಮಾತು ತುಳುವಾದ್ದರಿಂದ ಓದು ಕನ್ನಡದಲ್ಲಿ, ಪ್ರಶ್ನೆ ತುಳುವಿನಲ್ಲಿ, ಉತ್ತರ ಎರಡನ್ನೂ ಬೆರೆಸಿ ನಡೆಯುತ್ತಿತ್ತು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿಯೂ ಬರೆದ ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳು ಈ ಬೆರಕೆಗೆ ಬಹಳ ಚೆನ್ನಾಗಿ ಒಗ್ಗಿದವು. ಸಿಗಡಿ ಯಾಕೆ ಒಣಗಲಿಲ್ಲ ಎಂದು ಕೇಳುತ್ತಾ ಹೋಗುವ ಕಥೆಯಲ್ಲಿ ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ಮೇಲೆ ಹೊರಿಸುತ್ತಾರಷ್ಟೆ; ಆ ಕಥೆಯನ್ನು ಮೌನವಾಗಿ ಓದಿದರೆ ಅರ್ಧ ರುಚಿಯೂ ಸಿಗದು. ಗಟ್ಟಿಯಾಗಿ ಓದುವಾಗ ನಾನು ಪ್ರಶ್ನೆಯನ್ನು ಮಾತ್ರ ಕೇಳಿದರೆ ಸಾಕಾಗಿತ್ತು, ಉತ್ತರಗಳ ಸಾಲನ್ನು ಮಕ್ಕಳಿಬ್ಬರೂ ಪಾಳಿಯಂತೆ ಹೇಳಿ ಮುಗಿಸುತ್ತಿದ್ದರು. ಬೇಗ ಮಲಗಿಸುವ ಆಸೆಯಿಂದ ನಡುವಿನ ಒಂದು ಕೊಂಡಿಯನ್ನು ಹಾರಿಸಿದರೆ, ಮಗಳು ಮುಸುಕಿನೊಳಗಿಂದಲೇ ‘ಒಂದು ಬಿಟ್ರಿ’ ಎನ್ನುತ್ತಿದ್ದಳು.

ಆದರೆ ನಮ್ಮ ಮನೆಯ ನಿಜವಾದ ರಣರಂಗ ಬೇತಾಳನ ಕಥೆಗಳಾಗಿದ್ದವು. ಕನ್ನಡದಲ್ಲಿ 1949ರಿಂದ ಬರತೊಡಗಿದ ಚಂದಮಾಮದ ಹಳೆಯ ಸಂಚಿಕೆಗಳ ಕಟ್ಟೊಂದು ಸಂಬಂಧಿಕರ ಮನೆಯ ಅಟ್ಟದಿಂದ ನಮಗೆ ದೊರೆತಿತ್ತು. ಅವುಗಳ ರುಚಿ ಹತ್ತಿದ ಬಳಿಕ ಸಂಸ್ಕೃತದ ಮೂಲ ಬೇತಾಳ ಕಥೆಗಳ ಕನ್ನಡ ರೂಪವನ್ನೂ ಹುಡುಕಿ ತಂದೆ. ಕಥೆ ಮುಗಿದು ಬೇತಾಳ ಪ್ರಶ್ನೆ ಹಾಕಿದಲ್ಲಿಗೆ ನಾನು ಪುಸ್ತಕ ಮುಚ್ಚುವುದು, ಎಲ್ಲರೂ ತಮ್ಮ ತಮ್ಮ ತೀರ್ಪು ಹೇಳುವವರೆಗೂ ರಾಜನ ಉತ್ತರವನ್ನು ಓದದಿರುವುದು ನಮ್ಮ ಕ್ರಮವಾಗಿತ್ತು.

ತಲೆಗಳು ಅದಲುಬದಲಾದ ಕಥೆಯ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ದೇವಿಯ ಗುಡಿಯಲ್ಲಿ ಗಂಡನೂ ಅಣ್ಣನೂ ತಮ್ಮ ತಲೆಗಳನ್ನು ಕಡಿದುಕೊಂಡಿರುತ್ತಾರೆ; ದೇವಿಯ ವರದಿಂದ ಅವರನ್ನು ಬದುಕಿಸಲು ಹೊರಟ ಹೆಣ್ಣು, ಗಡಿಬಿಡಿಯಲ್ಲಿ ಗಂಡನ ತಲೆಯನ್ನು ಅಣ್ಣನ ಮುಂಡಕ್ಕೂ ಅಣ್ಣನ ತಲೆಯನ್ನು ಗಂಡನ ಮುಂಡಕ್ಕೂ ಜೋಡಿಸಿಬಿಡುತ್ತಾಳೆ. ಈಗ ಅವಳ ಗಂಡ ಯಾರು? ಹೊರಗೆ ಮಳೆ ಸುರಿಯುತ್ತಿತ್ತು, ಕರೆಂಟು ಹೋಗಿತ್ತು, ಎಮರ್ಜೆನ್ಸಿ ಲೈಟಿನ ಸುತ್ತ ಹಾತೆಗಳು ಮುತ್ತಿದ್ದವು. ತಲೆಯಿಲ್ಲದಿದ್ದರೆ ಮನುಷ್ಯನನ್ನು ಗುರುತಿಸುವುದಾದರೂ ಹೇಗೆ ಎಂಬುದು ಮಗನ ವಾದ. ಮದುವೆಯಲ್ಲಿ ಹಿಡಿದದ್ದು ಕೈಯನ್ನಲ್ಲವೇ, ಕೈ ಇರುವುದು ಮುಂಡದಲ್ಲಲ್ಲವೇ ಎಂಬುದು ಮಗಳ ಮರುಸವಾಲು. ಅಷ್ಟರವರೆಗೆ ಗೋಡೆಗೊರಗಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದ ಅಮ್ಮ, ತಲೆಯೆತ್ತದೆ, ‘ಅವಳ ಹತ್ತಿರ ಯಾರಾದರೂ ಕೇಳಿದ್ದಾರಾ?’ ಎಂದರು. ಅಂಗಗಳಲ್ಲಿ ತಲೆಯೇ ಪ್ರಧಾನ, ಆದ್ದರಿಂದ ಗಂಡನ ತಲೆಯುಳ್ಳವನೇ ಗಂಡ ಎಂಬ ರಾಜನ ತೀರ್ಪನ್ನು ಅನಂತರ ಓದಿದಾಗ ಗೆದ್ದವನಾದ ಮಗನಿಗೂ ಅದು ಸಪ್ಪೆಯೆನಿಸಿತು.

ಕಥೆಗಳನ್ನಷ್ಟೇ ಓದಿದೆವೆಂದಲ್ಲ. ನಮ್ಮ ಕೋಟದವರೇ ಆದ ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳಲ್ಲಿ ಬರೆದ ‘ಬಾಲಪ್ರಪಂಚ’ದ ಪುಟಗಳನ್ನೂ ಅಲ್ಲಲ್ಲಿ ತೆರೆದು ಓದಿದ್ದುಂಟು. ಅದರಲ್ಲಿ ಹಳತಾದ ವಿಷಯಗಳು ಸಿಕ್ಕಾಗ, ಈಗ ಹಾಗಿಲ್ಲ ಎಂದು ನನ್ನನ್ನು ತಿದ್ದುವ ಸಂತೋಷ ಮಕ್ಕಳದಾಗಿತ್ತು.

ಈಚೆಗೆ ಫೋನಿನಲ್ಲಿಯೇ ಕಥೆ ಓದಿ ಹೇಳುವ ವ್ಯವಸ್ಥೆಗಳಿವೆ, ಅವುಗಳ ಉಚ್ಚಾರ ನನ್ನದಕ್ಕಿಂತ ಶುದ್ಧವಾಗಿಯೂ ಇದೆ. ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕೇಳುವವರು ಬಾಯಿ ತೆರೆದಾಗ ತಾನು ಸುಮ್ಮನಾಗಬೇಕೆಂಬ ಮರ್ಯಾದೆ ಅವುಗಳಿಗಿಲ್ಲ. ನಮ್ಮ ಮನೆಯಲ್ಲಿ ಓದಿಗಿಂತ ಅಡ್ಡಮಾತೇ ಹೆಚ್ಚಾಗಿದ್ದುದರಿಂದ ನನಗೆ ಅದೊಂದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದಾಗ ಮಕ್ಕಳಿಬ್ಬರೂ ಕಾಲೇಜು ರಜೆಯಲ್ಲಿ ಮನೆಯಲ್ಲಿದ್ದರು. ಪತ್ರಿಕೆ ಓದಿ ಹೇಳುವ ಸರದಿ ಅವರಿಗೆ ಬಂತು. ಯಾರೂ ಹೇಳಿಕೊಡದಿದ್ದರೂ ಮಗಳು ದೊಡ್ಡ ವಾಕ್ಯದ ನಡುವೆ ಸರಿಯಾದ ಕಡೆ ಉಸಿರು ತೆಗೆದುಕೊಳ್ಳುತ್ತಿದ್ದಳು, ಶಾಸಕರ ಹೇಳಿಕೆ ಬಂದಲ್ಲಿ ಸ್ವರವನ್ನು ತುಸುವೇ ಬದಲಿಸುತ್ತಿದ್ದಳು. ಅವಳು ಮೊದಲ ಪುಟದ ರಾಜಕೀಯದಿಂದ ಓದನ್ನು ಆರಂಭಿಸಿದರೆ ಅಮ್ಮ ಒಪ್ಪುತ್ತಿರಲಿಲ್ಲ. ಮೊದಲು ನಿಧನ ವಾರ್ತೆ, ಅದರಲ್ಲಿಯೂ ಹೆಸರು, ಊರು, ವಯಸ್ಸು, ಮಕ್ಕಳೆಷ್ಟು ಎಂಬುದನ್ನು ಒಂದೂ ಬಿಡದೆ ಓದಬೇಕು. ಆಮೇಲೆ ಇವತ್ತು ಯಾವ ಮೇಳದ ಆಟ ಎಲ್ಲಿ ಉಂಟೆಂದು ಹೇಳಬೇಕು. ಮುಖ್ಯಮಂತ್ರಿಗಳು ಮಧ್ಯಾಹ್ನ ಊಟವಾದ ಮೇಲೆ ಬಂದರೂ ಅಡ್ಡಿಯಿರಲಿಲ್ಲ.