ಉಪಗ್ರಹಕ್ಕೆ ಕಾಣದ ಡ್ರಮ್ಮಿನ ನೀರು

2006ರಲ್ಲಿ ಚಿಕೂನ್‌ಗುನ್ಯಾ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳನ್ನು ಆವರಿಸಿದಾಗ, ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಮಂಡಿ ಹಿಡಿದು ಜಗುಲಿಯಿಂದ ಏಳಲಾಗದೆ ಕುಳಿತ ಹಿರಿಯರ ಮುಖಗಳು ಇಂದಿಗೂ ನನ್ನ ಕಣ್ಣಮುಂದಿವೆ. ಹವಾಮಾನಕ್ಕೂ ಜ್ವರಕ್ಕೂ ಇರುವ ನಂಟನ್ನು ಉಪಗ್ರಹ ದತ್ತಾಂಶದಲ್ಲಿ ಹುಡುಕುವ ಕೆಲಸಕ್ಕೆ ನಾನು ತೊಡಗಿದ್ದು ಆ ನೆನಪಿನಿಂದಲೇ.

ಮಳೆ ಹೆಚ್ಚಿದರೆ ಸೊಳ್ಳೆ ಹೆಚ್ಚುತ್ತದೆ ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಬಯಲುಸೀಮೆಯಲ್ಲಿ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಪ್ರತಿ ಮನೆಯೂ ಡ್ರಮ್ಮು, ತೊಟ್ಟಿಗಳನ್ನು ತುಂಬಿಸಿಡುತ್ತದೆ. ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಅಂಥ ನಿಂತ ನೀರಿನ ಅಂಚಿನಲ್ಲಿಯೇ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಬೇಸಿಗೆಯ ಶಾಖದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲಿನ 10 ಮೀಟರ್ ಅಗಲ; ಬತ್ತಿದ ಕೆರೆ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಬಚ್ಚಲ ಪಕ್ಕದ ಡ್ರಮ್ಮು ಕಾಣುವುದಿಲ್ಲ. ಉಪಗ್ರಹದಲ್ಲಿರುವ ಮೋಡಿಸ್ ಎಂಬ ಉಪಕರಣ ಅಳೆಯುವ ಶಾಖವೂ ಒಂದು ಕಿಲೋಮೀಟರ್ ಹರವಿನ ನೆಲದ ಮೇಲ್ಮೈಯದೇ ಹೊರತು, ಹಟ್ಟಿಯ ನೆರಳಿನಲ್ಲಿರುವ ತೊಟ್ಟಿಯದಲ್ಲ.

ಹಾಗೆಂದು ಈ ದತ್ತಾಂಶ ನಿರುಪಯುಕ್ತವಲ್ಲ. ಯಾವ ಕೆರೆಗಳು ಎಷ್ಟು ವಾರಗಳಿಂದ ಬರಿದಾಗಿವೆ ಎಂಬ ನಕ್ಷೆಯು, ಎಲ್ಲಿ ಜನ ನೀರು ಕೂಡಿಡುತ್ತಿರಬಹುದು ಎಂಬುದರ ಸುಳಿವು ಎಂದು ನಾನು ನಂಬಿದ್ದೇನೆ. ಆದರೆ ಸುಳಿವು ಸುಳಿವು ಮಾತ್ರ: 1933ರ ನಂತರ ಮೊದಲ ಬಾರಿಗೆ 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಾಗ ಚಿತ್ರದಲ್ಲಿ ನೀಲಿ ಹರಡಿಕೊಂಡಿತಾದರೂ, ಮನೆಯ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಆ ನೀಲಿ ಹೇಳಲಾರದು.

ಅತ್ಯಂತ ಕಷ್ಟದ ಕೆಲಸ ಆಕಾಶದ ದತ್ತಾಂಶವನ್ನು ನೆಲದ ದಾಖಲೆಯೊಡನೆ ಹೊಂದಿಸುವುದು. ಜ್ವರದ ರಿಜಿಸ್ಟರಿನಲ್ಲಿ ‘ಗೊಲ್ಲರಹಟ್ಟಿ’ ಎಂದಷ್ಟೇ ಬರೆದಿದ್ದರೆ, ಆ ಹೆಸರಿನ ಹಲವು ಹಟ್ಟಿಗಳಿರುವ ಈ ಸೀಮೆಯಲ್ಲಿ ಅದನ್ನು ನಕ್ಷೆಯ ಯಾವ ಬಿಂದುವಿಗೆ ಸೇರಿಸಬೇಕು? ಉತ್ತರ ಗೊತ್ತಿರುವುದು ಅಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಗೆ. ಆದ್ದರಿಂದ ಈ ಬೇಸಿಗೆಗೆ ಮುನ್ನ ನಕ್ಷೆಯಲ್ಲಿ ಒಣಗಿ ಕಾಣುವ ಊರುಗಳ ಪಟ್ಟಿಯನ್ನು ಹಿಡಿದು, ಮುಚ್ಚಳವಿಲ್ಲದ ತೊಟ್ಟಿಗಳನ್ನು ಅವರೊಡನೆ ನಡೆದೇ ಎಣಿಸಬೇಕೆಂದು ನಿರ್ಧರಿಸಿದ್ದೇನೆ.